ಸಿಐ ಬಂದ ಮೇಲೆ ಕಮಿಟ್ ಅಭ್ಯಾಸ ಸುಧಾರಿಸಿತೇ?

ಸಿಐ (ಕಂಟಿನ್ಯುಯಸ್ ಇಂಟಿಗ್ರೇಷನ್) ಎಂದರೆ ಎಲ್ಲರ ಕೋಡನ್ನು ಆಗಾಗ ಒಟ್ಟುಗೂಡಿಸಿ, ಸರ್ವರ್‌ನಲ್ಲಿ ತಾನಾಗಿ ಪರೀಕ್ಷೆಯಾಗುವ ಪದ್ಧತಿ. ಕಮಿಟ್ ಎಂದರೆ ಕೋಡಿನ ದಾಖಲೆ ಇಡುವ ಗಿಟ್‌ನಲ್ಲಿ ಉಳಿಸಿದ ಒಂದು ಬದಲಾವಣೆ.

ಪರ

ವಾರವಿಡೀ ಬರೆದಿಟ್ಟ ಕೋಡನ್ನು ಶುಕ್ರವಾರ ಸಂಜೆ ಮರ್ಜ್ ಮಾಡುವುದೆಂದರೆ (ಉಳಿದವರ ಕೋಡಿನ ಜೊತೆ ಸೇರಿಸುವುದೆಂದರೆ) ಆರು ಗಂಟೆಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಹೋದಂತೆ. ಎಲ್ಲರೂ ಒಟ್ಟಿಗೆ ಬಂದು ಒಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಸಿಐ ಕೇಳುವುದು ಇಷ್ಟೇ: ದಿನಕ್ಕೊಮ್ಮೆಯಾದರೂ ಮೇನ್‌ಗೆ (ಎಲ್ಲರ ಮುಖ್ಯ ಕೋಡಿಗೆ) ಸೇರಿಸಿ, ಬಿಲ್ಡ್ (ಕೋಡ್ ಕಟ್ಟಿ ಟೆಸ್ಟ್ ಓಡಿಸುವುದು) 10 ನಿಮಿಷದೊಳಗೆ ಮುಗಿಯಲಿ. 40 ಸಾಲಿನ ಕಮಿಟ್ ಫೇಲಾದರೆ ಎಲ್ಲಿ ಹುಡುಕಬೇಕೆಂದು ಗೊತ್ತು. 2,000 ಸಾಲಿನದಾದರೆ ಹುಡುಕುವವರ ಪಾಡು ಯಾರಿಗೂ ಬೇಡ. ಸರ್ವರ್ ಪ್ರತಿ ಸಲ ಹೊಸದಾಗಿ ಚೆಕ್‌ಔಟ್ ಮಾಡುವುದರಿಂದ (ಕೋಡಿನ ಪ್ರತಿ ಇಳಿಸಿಕೊಳ್ಳುವುದರಿಂದ), ಡೇಟಾಬೇಸ್ ಬದಲಿಸುವ ಮೈಗ್ರೇಷನ್ ಫೈಲ್ ಸೇರಿಸಲು ಮರೆತು ‘ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿದೆಯಲ್ಲ’ ಎನ್ನುವುದೂ ನಿಂತಿದೆ. ಹಿಸ್ಟರಿ (ಕಮಿಟ್‌ಗಳ ಸಾಲು) ಚೆಂದವಿಲ್ಲ ಎಂದು ಕೊರಗುವವರಿಗೆ ಪ್ರಾಯಶಃ ಎಫ್‌ಟಿಪಿಯಲ್ಲಿ ಫೈಲನ್ನು ನೇರ ಸರ್ವರ್‌ಗೆ ಏರಿಸುತ್ತಿದ್ದ ಕಾಲವೇ ಹಿತವಾಗಿತ್ತೇನೋ.

ವಿರೋಧ

10 ನಿಮಿಷದ ಬಿಲ್ಡ್ ಪುಸ್ತಕದ ಬದನೆಕಾಯಿ. ಟೆಸ್ಟ್ ಬೆಳೆದು 40 ನಿಮಿಷವಾಯಿತೆನ್ನಿ. ಪ್ರತಿ ಸಣ್ಣ ಬದಲಾವಣೆಗೂ ಅಷ್ಟು ಕಾಯುವವರಾರು? ನಾಲ್ಕನ್ನು ಕಟ್ಟಿ ಒಂದೇ ಪುಷ್ ಮಾಡುತ್ತಾರೆ (ಸರ್ವರ್‌ಗೆ ಕಳಿಸುತ್ತಾರೆ). ಸಣ್ಣ ಕಮಿಟ್ ಕೇಳಿದ ಯಂತ್ರವೇ ದೊಡ್ಡದನ್ನು ಮಾಡಿಸಿತು.

ಲ್ಯಾಪ್‌ಟಾಪ್ ಮಾತು ಬಿಡಿ, ಅದಕ್ಕೆ ಎಲ್ಲ ಕಡೆ ಒಂದೇ ಪರಿಸರ ಕೊಡುವ ಡಾಕರ್ ಇದೆ. ಪೈಪ್‌ಲೈನ್‌ನ (ಸಿಐ ನಡೆಸುವ ಹಂತಗಳ) ಯಾಮೆಲ್ ಫೈಲ್ ತಿದ್ದಿದ ದಿನದ ಗಿಟ್ ಲಾಗ್ ತೆರೆದು ನೋಡಿ: ‘ಫಿಕ್ಸ್ ಸಿಐ’, ‘ಫಿಕ್ಸ್ ಸಿಐ 2’, ‘ಈಗಾದ್ರೂ’, ‘ಪ್ಲೀಸ್’. ಒಂದು ಸ್ಪೇಸ್ ಅತ್ತಿತ್ತಾದರೂ ಕೆಡುವ ಫೈಲನ್ನು ಪುಷ್ ಮಾಡದೆ ಪೂರ್ತಿ ಪರೀಕ್ಷಿಸುವುದು ಕಷ್ಟ. ಫ್ಲೇಕಿ ಟೆಸ್ಟ್ (ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸು, ಒಮ್ಮೆ ಫೇಲಾಗುವಂಥದ್ದು) ಬಿದ್ದರಂತೂ ಬಿಲ್ಡ್ ಮತ್ತೆ ಓಡಲೆಂದೇ ಖಾಲಿ ಕಮಿಟ್. ಬದಲಾದದ್ದೇನೂ ಇಲ್ಲ, ಲಾಗ್‌ನಲ್ಲಿ ಮಾತ್ರ ಒಂದು ಸಾಲು ಹೆಚ್ಚು.

ಇದರ ಪೆಟ್ಟು ಬೀಳುವುದು ಬೈಸೆಕ್ಟ್ (ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತಾ ದೋಷ ಹುಡುಕುವ ಗಿಟ್ ಕಮಾಂಡ್) ಮಾಡುವಾಗ. 1,000 ಕಮಿಟ್‌ಗಳ ನಡುವೆ ದೋಷ ಹೊಕ್ಕ ಜಾಗ ಸುಮಾರು 10 ಹೆಜ್ಜೆಗೆ ಸಿಗಬೇಕು. ಆದರೆ ಐದು ಕಮಿಟ್ ಒಟ್ಟಿಗೆ ಪುಷ್ ಮಾಡಿದರೆ ಸಿಐ ಸಾಮಾನ್ಯವಾಗಿ ನೋಡುವುದು ಕೊನೆಯದನ್ನು ಮಾತ್ರ. ನಡುವಿನವು ಕಂಪೈಲೇ ಆಗದಿದ್ದರೂ ಹಸಿರು ಟಿಕ್. ಅಲ್ಲೆಲ್ಲ ಸ್ಕಿಪ್ (ಇದನ್ನು ಪರೀಕ್ಷಿಸಲಾಗದು, ಬಿಡು) ಕೊಡುತ್ತಾ ಹೋದರೆ ‘ಇವುಗಳಲ್ಲಿ ಯಾವುದೋ ಒಂದು’ ಎಂದು ಬೈಸೆಕ್ಟ್ ಕೈಚೆಲ್ಲುತ್ತದೆ.

ಸ್ಕ್ವಾಷ್ ಮಾಡಿ (ಎಲ್ಲ ಕಮಿಟ್ ಒಂದಾಗಿಸಿ) ಅನ್ನುತ್ತಾರೆ. ಮಾಡಿದರೆ ರೀನೇಮ್, ರಿಫ್ಯಾಕ್ಟರ್ (ಕೆಲಸ ಬದಲಿಸದೆ ಕೋಡ್ ಒಪ್ಪ ಮಾಡುವುದು), ಬಗ್ ಫಿಕ್ಸ್ ಎಲ್ಲ ಕಲಸಿ 900 ಸಾಲಿನ ಮುದ್ದೆ; ಆ ಒಂದು ಷರತ್ತು ಯಾಕೆ ಬದಲಾಯಿತೆಂದು, ಪ್ರತಿ ಸಾಲು ಯಾವ ಕಮಿಟ್‌ನದೆಂದು ತೋರಿಸುವ ಬ್ಲೇಮ್‌ನಲ್ಲಿ ಹುಡುಕಿದರೂ ತಿಳಿಯದು. ತಿದ್ದುಪಡಿಗಳನ್ನು ಫಿಕ್ಸಪ್ ಕಮಿಟ್ (ಯಾವ ಕಮಿಟ್‌ಗೆ ಸೇರಬೇಕೆಂದು ಗುರುತಿಟ್ಟದ್ದು) ಆಗಿ ಇಟ್ಟು, ಮರ್ಜ್‌ಗೆ ಮುಂಚೆ ಆಟೋಸ್ಕ್ವಾಷ್ ಆಯ್ಕೆಯ ಜೊತೆ ರಿಬೇಸ್ ಮಾಡಿದರೆ (ಕಮಿಟ್‌ಗಳನ್ನು ಮತ್ತೆ ಜೋಡಿಸಿದರೆ) ಪ್ರತಿಯೊಂದೂ ತನ್ನ ಮೂಲ ಕಮಿಟ್‌ಗೆ ಸೇರಿಕೊಳ್ಳುತ್ತದೆ. ಆ ರಿಬೇಸ್‌ಗೇ ಎಕ್ಸೆಕ್ ಆಯ್ಕೆ ಕೊಟ್ಟು ಟೆಸ್ಟ್ ಕಮಾಂಡ್ ಬರೆದರೆ ಒಂದೊಂದು ಕಮಿಟ್ ಮೇಲೂ ಓಡಿ, ಕೆಟ್ಟಲ್ಲೇ ನಿಲ್ಲುತ್ತದೆ. ಇಷ್ಟಕ್ಕೆ ಸರ್ವರ್ ಬೇಕಿಲ್ಲ.