ಗುಂಡು ಹಾರಿಸಿದವರೂ ನಮ್ಮವರೇನಾ?

ಮಕ್ಕಳಲ್ಲಿ ದೇಶಭಕ್ತಿ ಬೆಳೆಸುವಂಥ ಇತಿಹಾಸವನ್ನು ಶಾಲೆಗಳಲ್ಲಿ ಕಲಿಸಬೇಕು ಎಂಬ ಮಾತು ಸರ್ಕಾರದ ಕಡೆಯಿಂದ ಕೇಳಿಬಂದಾಗಲೆಲ್ಲ, ಗೌರಿಬಿದನೂರು ತಾಲ್ಲೂಕಿನಲ್ಲಿ 19 ವರ್ಷಗಳಿಂದ ಸಮಾಜ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ನೆನಪಾಗುವುದು ಇದೇ ತಾಲ್ಲೂಕಿನ ವಿದುರಾಶ್ವತ್ಥ ಮತ್ತು ಅದರ ಬಗ್ಗೆ ಒಬ್ಬ ಹುಡುಗ ಕೇಳಿದ ಪ್ರಶ್ನೆ.

1938ರ ಏಪ್ರಿಲ್ 25ರಂದು, ಉತ್ತರ ಪಿನಾಕಿನಿಯ ದಡದಲ್ಲಿರುವ ಆ ಕ್ಷೇತ್ರದಲ್ಲಿ ಸರ್ಕಾರದ ನಿಷೇಧವನ್ನು ಲೆಕ್ಕಿಸದೆ ಧ್ವಜ ಸತ್ಯಾಗ್ರಹಕ್ಕೆ, ಅಂದರೆ ಕಾಂಗ್ರೆಸ್ ಧ್ವಜ ಹಾರಿಸುವ ಹೋರಾಟಕ್ಕೆ, ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮದ್ದೂರಿನ ಬಳಿಯ ಶಿವಪುರದಲ್ಲಿ ಇಂಥದೇ ಸತ್ಯಾಗ್ರಹ ನಡೆದು ಆಗಿನ್ನೂ ಎರಡು ವಾರವಷ್ಟೇ ಆಗಿತ್ತು. ಸತ್ತವರು 10ರ ಆಸುಪಾಸು ಎಂದು ಅಂದಿನ ಸರ್ಕಾರ ಹೇಳಿತು; ಜನ ಹೇಳುವ ಲೆಕ್ಕ 30ನ್ನು ದಾಟುತ್ತದೆ. ಈ ಪಾಠ ಮುಗಿಸಿದ ದಿನ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ಪೊಲೀಸ್ ಕಾನ್‌ಸ್ಟೇಬಲ್. "ಮಿಸ್, ಗುಂಡು ಹೊಡೆದೋರು ಇಂಗ್ಲಿಷ್‌ನೋರಾ, ನಮ್ಮೋರಾ?" ಎಂದು ಕೇಳಿದ.

ನಾವು ವಿದುರಾಶ್ವತ್ಥವನ್ನು ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಹೆಮ್ಮೆಯಿಂದ ಕರೆಯುತ್ತೇವೆ. ಈ ಹೋಲಿಕೆ ಆ ಹುಡುಗನ ಪ್ರಶ್ನೆಗೆ ತಪ್ಪು ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತದೆ ಎಂದು ನನಗೆ ಅನ್ನಿಸಿದ್ದು ಅಂದೇ. 1919ರಲ್ಲಿ ಅಮೃತಸರದಲ್ಲಿ ಆಜ್ಞೆ ಕೊಟ್ಟವನು ಬ್ರಿಟಿಷ್ ಸೇನೆಯ ಡಯರ್. ಇಲ್ಲಿ ಬಂದೂಕು ಹಿಡಿದಿದ್ದವರು ಮೈಸೂರು ಸಂಸ್ಥಾನದ ಪೊಲೀಸರು. ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್, ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್. ಕನ್ನಂಬಾಡಿ ಕಟ್ಟೆ, 1916ರ ಮೈಸೂರು ವಿಶ್ವವಿದ್ಯಾಲಯ, ಹಿಂದುಳಿದವರಿಗೆ ಮೀಸಲಾತಿ ಎಂದು ನಾನೇ ಮಕ್ಕಳಿಂದ ಬಾಯಿಪಾಠ ಮಾಡಿಸುವ ಅದೇ ನಾಲ್ವಡಿಯವರ ಕಾಲದಲ್ಲಿ ಇದೂ ನಡೆಯಿತು. ಎರಡೂ ನಿಜ, ಮತ್ತು ಹದಿನಾಲ್ಕು ವರ್ಷದ ಮಗುವಿಗೆ ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸುವ ಶಕ್ತಿ ಇದೆ. ಇಲ್ಲ ಎಂದುಕೊಂಡಿರುವವರು ದೊಡ್ಡವರು ಮಾತ್ರ. "ನಮ್ಮವರೇ ಕಣಪ್ಪ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆಮೇಲೆ ಏನಾಯ್ತು?" ಎಂದ. ಸರ್ದಾರ್ ಪಟೇಲರು ಬಂದು ದಿವಾನರೊಡನೆ ಮಾತುಕತೆ ನಡೆಸಿದ್ದನ್ನು, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಂದವಾದದ್ದನ್ನು ಆ ಅವಧಿ ಮುಗಿಯುವವರೆಗೂ ಹೇಳಿದೆ. ಅಂದು ತರಗತಿಯಲ್ಲಿ ಯಾರೂ ಗಂಟೆಯ ಕಡೆ ಕಿವಿ ಇಟ್ಟಿರಲಿಲ್ಲ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ದೇಶಭಕ್ತಿಯ ಹೆಸರಿನಲ್ಲಿ ಮೇಲಿನಿಂದ ನಮಗೆ ಬರುವುದು ಬಹುತೇಕ ಸುತ್ತೋಲೆಗಳು, ಮತ್ತು ಪ್ರತಿ ಸುತ್ತೋಲೆಯ ಕೊನೆಯ ಸಾಲು ಫೋಟೋ ಅಪ್‌ಲೋಡ್ ಮಾಡುವುದರ ಬಗ್ಗೆ ಇರುತ್ತದೆ. 2022ರ ಆಗಸ್ಟ್‌ನಲ್ಲಿ 'ಹರ್ ಘರ್ ತಿರಂಗಾ' ನಡೆದಾಗ ನಮ್ಮ ಸಹೋದ್ಯೋಗಿಯೊಬ್ಬರು ನೆಟ್‌ವರ್ಕ್‌ಗಾಗಿ ತಾರಸಿಯ ಮೇಲೆ ಮುಕ್ಕಾಲು ಗಂಟೆ ನಿಂತಿದ್ದರು. ಕೆಳಗೆ ಮಕ್ಕಳು ಬಾವುಟ ಹಿಡಿದು, ಫೋಟೋ ಚೆನ್ನಾಗಿ ಬಂದಿಲ್ಲವೆಂದು ಮೂರನೇ ಸಲ ಸಾಲುಗಟ್ಟುತ್ತಿದ್ದರು. ಬಾವುಟದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಇಂಥದೇ ಬಾವುಟಕ್ಕಾಗಿ ಹತ್ತಿರದಲ್ಲೇ ಜನ ಸತ್ತದ್ದನ್ನು ಹೇಳಲು ಆ ದಿನ ಹದಿನೈದು ನಿಮಿಷವೂ ಸಿಗಲಿಲ್ಲ.

ಪಠ್ಯಪುಸ್ತಕದ ಕಥೆಯೂ ಬೇರೆಯಲ್ಲ. 2022ರಲ್ಲಿ ಒಂದು ಸರ್ಕಾರ ಪರಿಷ್ಕರಿಸಿತು, 2023ರಲ್ಲಿ ಇನ್ನೊಂದು ಸರ್ಕಾರ ಅದನ್ನು ಮತ್ತೆ ತಿದ್ದಿತು; ಯಾವುದನ್ನು ಕಲಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಾವು ಪೂರಕ ಹಾಳೆಗಳಲ್ಲಿ ಹುಡುಕಬೇಕಾಯಿತು. ಯಾರ ಪಾಠ ಇರಬೇಕು ಎಂದು ಎರಡೂ ಕಡೆಯವರು ಟಿವಿಯಲ್ಲಿ ಜಗಳವಾಡಿದರು. ಪಾಠವನ್ನು ಹೇಗೆ ಮಾಡಬೇಕು ಎಂದು ಕೇಳಿದವರನ್ನು ನಾನಂತೂ ಕಾಣಲಿಲ್ಲ. ಸಂವಿಧಾನದ 51ಎ ವಿಧಿಯನ್ನು ನಾವು ಮಕ್ಕಳಿಗೆ ಓದಿಸುತ್ತೇವಲ್ಲ, ಸ್ವಾತಂತ್ರ್ಯ ಹೋರಾಟದ ಆದರ್ಶಗಳನ್ನು ಗೌರವಿಸಬೇಕೆಂಬ ಕರ್ತವ್ಯವನ್ನು ಹೇಳಿದ ವಿಧಿಯೇ ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಗುಣವನ್ನೂ ಕರ್ತವ್ಯವೆಂದು ಹೇಳುತ್ತದೆ. ಇದೇ ತಾಲ್ಲೂಕಿನ ಹೊಸೂರಿನವರಾದ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು 1942ರ ಚಳವಳಿಯಲ್ಲಿ ಜೈಲಿಗೂ ಹೋದರು, ಮುಂದೆ ಪ್ರಶ್ನೆ ಕೇಳುವುದನ್ನೇ ಬದುಕಾಗಿಯೂ ಮಾಡಿಕೊಂಡರು. ಅವರ ದೇಶಪ್ರೇಮವನ್ನು ನಮ್ಮ ಕಡೆ ಯಾರೂ ಅನುಮಾನಿಸಿದ್ದಿಲ್ಲ.

ಸತ್ತವರ ಸಂಖ್ಯೆಯಲ್ಲಿ ಇರುವ ವ್ಯತ್ಯಾಸವನ್ನೇ ತೆಗೆದುಕೊಳ್ಳಿ. ಸರ್ಕಾರ ಯಾಕೆ ಕಡಿಮೆ ಹೇಳಿರಬಹುದು, ಜನರ ಲೆಕ್ಕ ಎಲ್ಲಿಂದ ಬಂತು, ನಮ್ಮಜ್ಜಿಯರು ತೆಲುಗಿನಲ್ಲಿ ಹೇಳುವ ಕಥೆಗೆ ಎಷ್ಟು ತೂಕ ಕೊಡಬೇಕು ಎಂದು ಮಕ್ಕಳೇ ವಾದಿಸಿದರೆ ಅದಕ್ಕಿಂತ ಒಳ್ಳೆಯ ಇತಿಹಾಸದ ತರಗತಿ ನನಗೆ ಗೊತ್ತಿಲ್ಲ. ಪರೀಕ್ಷೆಯಲ್ಲಿ ಮಾತ್ರ ಕೇಳುವುದು ಇಸವಿಯನ್ನು, ಅದೂ ಒಂದು ಅಂಕಕ್ಕೆ.

ಏಪ್ರಿಲ್ 25 ಪ್ರತಿ ವರ್ಷವೂ ಬೇಸಿಗೆ ರಜೆಯಲ್ಲಿ ಬರುತ್ತದೆ. ಹಾಗಾಗಿ ಆ ದಿನ ಶಾಲೆಯಲ್ಲಿ ಆಚರಣೆಯಿಲ್ಲ, ಸದ್ಯ ಫೋಟೋ ಕಾಟವೂ ಇಲ್ಲ. ನಾವು ಜುಲೈನ ಒಂದು ಶನಿವಾರ ಮಧ್ಯಾಹ್ನ ಸರ್ಕಾರಿ ಬಸ್ಸಿನಲ್ಲಿ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗುತ್ತೇವೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡು ಬೇಕಾಗಿಲ್ಲ, ಆಧಾರ್ ಕಾರ್ಡ್ ಮರೆಯಬಾರದು ಅಷ್ಟೆ. ಗಂಡುಹುಡುಗರ ಟಿಕೆಟ್ಟಿನ ದುಡ್ಡನ್ನು ನಾವು ಶಿಕ್ಷಕರೇ ಹಂಚಿಕೊಳ್ಳುತ್ತೇವೆ.