ಆಟಕ್ಕಿಂತ ಬೀಗ ಭಾರ

ಹಳೇ ಕಂಪ್ಯೂಟರ್ ಆಟವನ್ನು ಮತ್ತೆ ಹಾಕೋಣ ಎಂಬ ಬುದ್ಧಿ ಬರುವುದು ಸಾಮಾನ್ಯವಾಗಿ ಅಟ್ಟ ಗುಡಿಸುವ ದಿನ. ತೂತಾದ ಹಂಡೆ, ಕಾಲು ಮುರಿದ ಕುರ್ಚಿ, ಯಾರದೋ ಮದುವೆಯ ಆಲ್ಬಮ್ಮು ಇವುಗಳ ನಡುವೆ ಒಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಸಿಗುತ್ತದೆ. ಒಳಗೆ ಡಿಸ್ಕು, ಒಂದು ಪುಸ್ತಿಕೆ, ಅಂಗಡಿಯ ಬಿಲ್ಲು. 2008ರಲ್ಲಿ ಕಾಸು ಕೊಟ್ಟು ತಂದ ಅಸಲಿ ಮಾಲು. ಹತ್ತು ನಿಮಿಷದಲ್ಲಿ ಆಟ ಶುರು ಅನ್ನಿಸುತ್ತದೆ. ಅಸಲಿ ಎಂಬುದೇ ಇಲ್ಲಿನ ತೊಡಕು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಮಸಾಲೆದೋಸೆಯ ದುಡ್ಡಿಗೆ ತಂದ ನಕಲಿಯಾಗಿದ್ದರೆ ನಿಜಕ್ಕೂ ಹತ್ತೇ ನಿಮಿಷ ಸಾಕಿತ್ತು.

ಮೊದಲ ಹೊಸ್ತಿಲು ಸೀರಿಯಲ್ ಕೀ, ಅಂದರೆ ಮಾಲು ಅಸಲಿ ಎಂದು ತೋರಿಸಲು ಟೈಪಿಸಬೇಕಾದ ಅಕ್ಷರ, ಅಂಕಿಗಳ ಸಾಲು. ಇದು ಪುಸ್ತಿಕೆಯ ಹಿಂಬದಿಯಲ್ಲಿರುತ್ತದೆ, ಇಲ್ಲವೇ ಡಬ್ಬಿಯೊಳಗೆ ಡಿಸ್ಕಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ. ಚೀಟಿಯ ಮಸಿ ಅರ್ಧ ಮಾಸಿರುತ್ತದೆ. ಅದು ಓ ಅಕ್ಷರವೋ ಸೊನ್ನೆಯೋ, ಬಿ ಅಕ್ಷರವೋ 8ರ ಅಂಕಿಯೋ ಎಂದು ಮನೆಮಂದಿಯೆಲ್ಲ ಕನ್ನಡಕ ಹಾಕಿಕೊಂಡು ನೋಡಬೇಕು. ಈ ವಿಷಯದಲ್ಲಿ ವಿಂಡೋಸ್ ಎಕ್ಸ್‌ಪಿಯ ಕೀ ಮಾಡಿದವರು ಪುಣ್ಯವಂತರು. 25 ಮನೆಗಳ ಆ ಕೀಯಲ್ಲಿ ಬಳಸಿದ್ದು 24 ಗುರುತು ಮಾತ್ರ. ಓ, ಸೊನ್ನೆ, ಐ, ಒಂದು, ಎಸ್, ಐದು ಇವನ್ನೆಲ್ಲ ಜಗಳವೇ ಬೇಡವೆಂದು ಹೊರಗೇ ಇಟ್ಟಿದ್ದರು. ಬಿ ಮತ್ತು 8 ಮಾತ್ರ ಎರಡೂ ಉಳಿದುಕೊಂಡವು, ದೃಷ್ಟಿಬೊಟ್ಟಿನ ಹಾಗೆ. ಆಟದವರಿಗೆ ಅಷ್ಟು ದಯೆ ಇರಲಿಲ್ಲ. ಅನುಮಾನದ ಜಾಗ ಎರಡಿದ್ದರೆ 4 ಸಲ ಟೈಪಿಸಿ ನೋಡಬೇಕು, ಮೂರಿದ್ದರೆ 8 ಸಲ. ಅದಕ್ಕಿಂತ ಹೆಚ್ಚಿದ್ದರೆ ಚೀಟಿಯ ಫೋಟೋ ತೆಗೆದು ಫೋನಿನಲ್ಲಿ ಕಾಂಟ್ರಾಸ್ಟ್ ಏರಿಸಿ; ಬರಿಗಣ್ಣಿಗೆ ಕಾಣದ ಗೆರೆ ಅಲ್ಲಿ ಕಾಣಬಹುದು. ಮೇಲ್‌ನಿಂದ ಕಾಪಿ ಮಾಡಿ ಅಂಟಿಸುವವರು ಕೊನೆಯಲ್ಲಿ ಒಂದು ಖಾಲಿ ಜಾಗವೂ ಜೊತೆಗೆ ಅಂಟಿದೆಯೇ ನೋಡಿಕೊಳ್ಳಬೇಕು. ಕಣ್ಣಿಗೆ ಬೀಳದ ಆ ಖಾಲಿ ಜಾಗಕ್ಕೆ ‘ಕೀ ತಪ್ಪಾಗಿದೆ’ ಎಂದು ಬೈಸಿಕೊಂಡವರು ಒಬ್ಬಿಬ್ಬರಲ್ಲ.

ಪುಸ್ತಿಕೆ ಎಸೆಯಬಾರದೆಂಬ ಪಾಠ ಇನ್ನೂ ಹಳೆಯದು. 1989ರ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ರಾಜಕುಮಾರನನ್ನು ಬಾಟಲಿಗಳಿರುವ ಕೋಣೆಯಲ್ಲಿ ನಿಲ್ಲಿಸಿ, ಪುಸ್ತಕದ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲಕ್ಷರವಿರುವ ಬಾಟಲಿ ಕುಡಿ ಎನ್ನುತ್ತಿದ್ದರು. ಸರಿಯಾದದ್ದು ಕುಡಿದರೆ ಬಾಗಿಲು. ಇಲ್ಲದಿದ್ದರೆ ರಾಜಕುಮಾರಿಯ ಗತಿ ಆಟದ ಪುಸ್ತಕವನ್ನು ಹಳೇ ಪೇಪರಿನವನಿಗೆ ಹಾಕಿದವರ ತಲೆಗೆ.

ಎರಡನೇ ಹೊಸ್ತಿಲು ಡಿಸ್ಕು. ಮೊದಲನೆಯದಾಗಿ, ಈಗಿನ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಬಾಯೇ ಇಲ್ಲ. ಯುಎಸ್‌ಬಿ ಡಿವಿಡಿ ಡ್ರೈವ್ ತರಬೇಕು. ತಂದದ್ದನ್ನು ಹಲವು ತೂತಿನ ಯುಎಸ್‌ಬಿ ಹಬ್‌ಗೆ ಸಿಕ್ಕಿಸದೆ ಕಂಪ್ಯೂಟರಿಗೇ ನೇರವಾಗಿ ಸಿಕ್ಕಿಸಿ. ವಿದ್ಯುತ್ ಸಾಲದಿದ್ದರೆ ಡ್ರೈವು ತಿರುಗುವುದು, ನಿಲ್ಲುವುದು, ನಿಟ್ಟುಸಿರು ಬಿಡುವುದು ಇಷ್ಟನ್ನೇ ಮಾಡುತ್ತದೆ. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ದೋಸೆಹೆಂಚಿಗೆ ಎಣ್ಣೆ ಸವರುವ ಹಾಗೆ ಸುತ್ತ ಸುತ್ತ ಒರೆಸಿದರೆ ಗೀರು ಮಾಹಿತಿಯ ಸಾಲಿನುದ್ದಕ್ಕೂ ಬೀಳುತ್ತದೆ. ಅಡ್ಡಗೀರನ್ನು ಸಹಿಸುವ ಡ್ರೈವು ಉದ್ದಗೀರನ್ನು ಸಹಿಸುವುದಿಲ್ಲ.

ಒರೆಸಿದರೂ ‘ಸರಿಯಾದ ಡಿಸ್ಕ್ ಹಾಕಿ’ ಎಂದೇ ಹೇಳಿದರೆ ಬೀಗದ, ಅಂದರೆ ನಕಲು ತಡೆಯುವ ಏರ್ಪಾಡಿನ, ಸ್ವಭಾವ ತಿಳಿಯಬೇಕು. ಸೇಫ್‌ಡಿಸ್ಕ್ ಎಂಬ ಬೀಗವಿದ್ದ ಡಿಸ್ಕುಗಳಲ್ಲಿ ಓದಲಾಗದ ಸೆಕ್ಟರುಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಬೇಕೆಂದೇ ಇಡುತ್ತಿದ್ದರು. ನಕಲು ಮಾಡುವ ಯಂತ್ರ ಪಾಪ, ಆ ಕೊಳೆಯನ್ನು ಯಥಾವತ್ತು ಬರೆಯಲಾರದೆ ಚೊಕ್ಕಟವಾಗಿ ಬರೆದುಬಿಡುತ್ತಿತ್ತು. ಚೊಕ್ಕಟವಾಗಿದೆ ಎಂಬ ಕಾರಣಕ್ಕೇ ಅದು ನಕಲಿ ಎಂದು ಗೊತ್ತಾಗುತ್ತಿತ್ತು. ಹಾಗಾಗಿ ನಿಮ್ಮ ಡಿಸ್ಕು ಕೆಟ್ಟಿದೆಯೇ ಅಥವಾ ಸರಿಯಾದ ರೀತಿಯಲ್ಲಿ ಕೆಟ್ಟಿಲ್ಲವೇ ಎಂಬುದು ವೇದಾಂತದ ಪ್ರಶ್ನೆ. ಸೋನಿಯ ಅಂಗಸಂಸ್ಥೆ ತಂದ ಸೆಕ್ಯುರಾಮ್ ಇನ್ನೂ ಜಾಣ. ಡಿಸ್ಕಿನಲ್ಲಿ ಒಂದು ಸೆಕ್ಟರಿನಿಂದ ಇನ್ನೊಂದಕ್ಕೆ ಎಷ್ಟು ಕೋನ ದೂರ ಎಂದು ಅಳೆದು, ಅಚ್ಚಾದ ಡಿಸ್ಕಿಗೂ ಬರೆದ ಡಿಸ್ಕಿಗೂ ವ್ಯತ್ಯಾಸ ಹಿಡಿಯುತ್ತದೆ. ಜೊತೆಗೆ ಕಂಪ್ಯೂಟರಿನಲ್ಲಿ ಡಿಸ್ಕಿನ ವೇಷ ಹಾಕುವ ಡೀಮನ್ ಟೂಲ್ಸ್‌ನಂಥ ಸಾಫ್ಟ್‌ವೇರ್ ಕಂಡರೆ, ಅಸಲಿ ಡಿಸ್ಕನ್ನು ಕಣ್ಣೆದುರು ಹಿಡಿದರೂ ಆಟ ಬಿಡುವುದಿಲ್ಲ. ಮನೆಯಲ್ಲಿ ಏಣಿ ಇದೆ, ಆದ್ದರಿಂದ ನೀನೇ ಕಳ್ಳ ಎಂಬ ತರ್ಕ. ಏಣಿಯನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡುವುದೊಂದೇ ದಾರಿ.

ಸೇಫ್‌ಡಿಸ್ಕ್ ಇರುವ ಆಟವಾದರೆ ಇಷ್ಟು ಶ್ರಮವೂ ಬೇಡ, ಏಕೆಂದರೆ ಅದು ವಿಂಡೋಸ್ 10ರಲ್ಲಾಗಲಿ 11ರಲ್ಲಾಗಲಿ ಎದ್ದೇಳುವುದಿಲ್ಲ. ಆ ಬೀಗಕ್ಕೆ ಬೇಕಾದ ಸೆಕ್‌ಡಿಆರ್‌ವಿ ಎಂಬ ಡ್ರೈವರನ್ನು (ವಿಂಡೋಸಿನೊಳಗೆ ಕೂರುವ ಸಹಾಯಕ ಸಾಫ್ಟ್‌ವೇರ್) ಮೈಕ್ರೋಸಾಫ್ಟ್ 2015ರಲ್ಲಿ, ಭದ್ರತೆಗೆ ಅಪಾಯವೆಂದು, ಹೊಸ ವಿಂಡೋಸಿಗೆ ಸೇರಿಸಲಿಲ್ಲ; ವಿಸ್ಟಾ, 7, 8ರಲ್ಲಿ ಅದೇ ಸೆಪ್ಟೆಂಬರಿನ ಅಪ್‌ಡೇಟಿನಿಂದ ಬಂದ್ ಮಾಡಿತು. ತಮಾಷೆಯೆಂದರೆ ಆಟ ಚೆನ್ನಾಗಿಯೇ ಇನ್‌ಸ್ಟಾಲ್ ಆಗುತ್ತದೆ. ಡೆಸ್ಕ್‌ಟಾಪಿನಲ್ಲಿ ಐಕಾನ್ ಕೂಡ ಮೂಡುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಸುತ್ತುವ ವೃತ್ತ ಒಂದು ಕ್ಷಣ ಸುತ್ತಿ ಮಾಯ. ಬೈಗುಳವೂ ಇಲ್ಲ, ಕಾರಣವೂ ಇಲ್ಲ. ಇನ್ನೂ ಹಳೆಯ ಕೆಲವು ಡಿಸ್ಕುಗಳಲ್ಲಿ ಇನ್‌ಸ್ಟಾಲರೇ 16 ಬಿಟ್ಟಿನದು, 64 ಬಿಟ್ ವಿಂಡೋಸಿನಲ್ಲಿ ಅದು ಅಲ್ಲೇ ಕಾಲು ಮುರಿದು ಬೀಳುತ್ತದೆ. ಆ ಸೆಕ್‌ಡಿಆರ್‌ವಿ ಡ್ರೈವರನ್ನು ಎಲ್ಲಿಂದಲೋ ಹುಡುಕಿ ತಂದು ಹಾಕುವ ಸಾಹಸ ಬೇಡ. ಆಟಕ್ಕಾಗಿ ಮನೆಯ ಹಿತ್ತಿಲ ಬಾಗಿಲು ತೆಗೆದಿಟ್ಟಂತೆ. ಆಟ ಮಾಡಿದವರೇ ಡಿಸ್ಕ್ ತಪಾಸಣೆ ತೆಗೆದುಹಾಕಿದ ಕೊನೆಯ ಪ್ಯಾಚ್ ಬಿಟ್ಟಿದ್ದಾರೆಯೇ ನೋಡಿ. ಇಲ್ಲವಾದರೆ, ಬೀಗವಿಲ್ಲದ ಆಟಗಳನ್ನೇ ಮಾರುವ ಜಿಒಜಿ ಅಂಗಡಿಯಲ್ಲಿ ಅದೇ ಆಟ ಇದ್ದೀತು. ಒಮ್ಮೆ ಕೊಂಡದ್ದನ್ನು ಇನ್ನೊಮ್ಮೆ ಕೊಳ್ಳುವುದು ಹೊಟ್ಟೆ ಉರಿಯುವ ವಿಷಯವೇ. ಆದರೂ ಯುಎಸ್‌ಬಿ ಡ್ರೈವಿಗಿಂತ ಅಗ್ಗವಾಗಿ ಮುಗಿಯುವುದುಂಟು.

ಈಗ ಆಕ್ಟಿವೇಶನ್, ಅಂದರೆ ಈ ಯಂತ್ರದಲ್ಲಿ ಆಡಲು ಕಂಪನಿಯ ಸರ್ವರಿನಿಂದ ಇಂಟರ್ನೆಟ್ಟಿನಲ್ಲಿ ಅಪ್ಪಣೆ ಪಡೆಯುವುದು. ಇದರ ರಾಜ್ಯಭಾರ ಜೋರಾದದ್ದು 2007–08ರಲ್ಲಿ. 2007ರ ಆಗಸ್ಟಿನಲ್ಲಿ ಬಂದ ಬಯೋಶಾಕ್ ಎಂಬ ಆಟಕ್ಕೆ ಮೊದಲು ಸಿಕ್ಕಿದ್ದು 2 ಆಕ್ಟಿವೇಶನ್. ಜನ ಕೂಗಾಡಿದ ಮೇಲೆ 5 ಮಾಡಿದರು, 2008ರ ಜೂನಿನಲ್ಲಿ ಮಿತಿಯನ್ನೇ ತೆಗೆದರು. ಅದನ್ನು ನೋಡಿಯೂ ಕಲಿಯದೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ಪೋರ್ ಎಂಬ ಆಟ 3 ಆಕ್ಟಿವೇಶನ್ನಿನ ಜೊತೆ ಬಂತು. ಅಮೆಜಾನ್‌ನಲ್ಲಿ ಸಾವಿರಾರು ಜನ ಒಂದೊಂದೇ ನಕ್ಷತ್ರ ಕೊಟ್ಟು ಹೋದರು. ಬಿಡುಗಡೆಗೆ ಮೊದಲೇ ಅದರ ಬೀಗ ಮುರಿದ ಪ್ರತಿ ಅಂತರ್ಜಾಲದಲ್ಲಿ ಓಡಾಡುತ್ತಿತ್ತು. ಕಾಸು ಕೊಟ್ಟವನಿಗೆ 3, ಕದ್ದವನಿಗೆ ಲೆಕ್ಕವೇ ಇಲ್ಲ. ಕೊನೆಗೆ ಅವರೂ 5 ಮಾಡಿ, ಆಕ್ಟಿವೇಶನ್ ವಾಪಸ್ ಪಡೆಯುವ ಒಂದು ಪುಟ್ಟ ಟೂಲ್ ಕೊಟ್ಟರು.

ಎಡವಟ್ಟುಗಳ ತವರು ಈ ವಾಪಸಾತಿಯೇ. ಅನ್‌ಇನ್‌ಸ್ಟಾಲ್ ಬೇರೆ, ಆಕ್ಟಿವೇಶನ್ ವಾಪಸ್ ಬೇರೆ. ಬಾಡಿಗೆ ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋದರೂ ರೇಷನ್ ಕಾರ್ಡಿನಲ್ಲಿ ಹೆಸರು ಹಳೇ ವಿಳಾಸದಲ್ಲೇ ಕೂತಿರುವುದಿಲ್ಲವೇ, ಹಾಗೆ. ಕಂಪನಿಯ ಸರ್ವರಿನ ಪ್ರಕಾರ ನೀವು ಇನ್ನೂ ಆ ಕಂಪ್ಯೂಟರಿನಲ್ಲೇ ಆಡುತ್ತಿದ್ದೀರಿ. ಆಟ ಇರುವಾಗಲೇ, ಇಂಟರ್ನೆಟ್ ಇರುವಾಗಲೇ, ಆ ಹಳೇ ಯಂತ್ರದಿಂದಲೇ ಈ ವಾಪಸಾತಿಯ ಟೂಲ್ (ರಿವೋಕ್ ಟೂಲ್) ಓಡಿಸಬೇಕು, ಆಮೇಲೆ ಅನ್‌ಇನ್‌ಸ್ಟಾಲ್. ನಮ್ಮಲ್ಲಿ ಕಂಪ್ಯೂಟರ್ ಸ್ವಲ್ಪ ನಿಧಾನವಾದರೆ ಸಾಕು, ‘ಒಂದ್ಸಲ ಫಾರ್ಮ್ಯಾಟ್ ಹೊಡೆಸ್ಬಿಡಿ ಸಾರ್’ ಎನ್ನುವುದು ರಿಪೇರಿಯವರ ಗಾಯತ್ರಿ ಮಂತ್ರ. ಒಂದು ಫಾರ್ಮ್ಯಾಟಿಗೆ ಒಂದು ಆಕ್ಟಿವೇಶನ್ ಗೋತಾ. ವರ್ಷಕ್ಕೆರಡು ಫಾರ್ಮ್ಯಾಟಿನ ಮನೆಯಲ್ಲಿ 3 ಆಕ್ಟಿವೇಶನ್ ಒಂದೂವರೆ ವರ್ಷ ಬಂದರೆ ಹೆಚ್ಚು.

ಫಾರ್ಮ್ಯಾಟ್ ಮಾಡದಿದ್ದರೂ ಅಪಾಯ ತಪ್ಪಿದ್ದಲ್ಲ. ಆಟವು ಯಂತ್ರದ ಭಾಗಗಳನ್ನು ನೋಡಿ ಒಂದು ಗುರುತು ಕಟ್ಟಿಕೊಳ್ಳುತ್ತದೆ. ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟು ಹೊಸದು ಹಾಕಿಸಿದಿರೋ, ಅದರ ಕಣ್ಣಿಗೆ ನೀವು ಬೇರೆ ಮನೆಯವರು. ಮಿತಿ ಮುಗಿದರೆ ಉಳಿಯುವುದು ಗ್ರಾಹಕ ಸೇವೆಗೆ ಬರೆಯುವುದು. ಅವರು ಕೇಳಬಹುದಾದದ್ದನ್ನು ಮೊದಲೇ ಕೂಡಿಸಿ: ಕೀ ಕಾಣುವಂತೆ ಪುಸ್ತಿಕೆಯ ಫೋಟೋ, ಬಿಲ್ಲಿನ ಫೋಟೋ, ತೆರೆಯ ಮೇಲೆ ಬಂದ ದೋಷದ ಸಂದೇಶದ ಸ್ಕ್ರೀನ್‌ಶಾಟ್. ಉತ್ತರ ಬರುವವರೆಗೆ ಚೌಕಾಬಾರ ಆಡಬಹುದು. ಅದಕ್ಕೆ ಬೇಕಾದದ್ದು ನಾಲ್ಕು ಕವಡೆ, ಒಂದು ಸೀಮೆಸುಣ್ಣ. ಎಷ್ಟು ಸಲ ಬೇಕಾದರೂ ಆಕ್ಟಿವೇಟ್ ಆಗುತ್ತದೆ.

ಇದೆಲ್ಲ ಹಳೇ ಕಾಲದ ರಗಳೆ ಎನ್ನುವಂತಿಲ್ಲ. ಈಗಿನ ಡೆನುವೋ ಬೀಗವಿರುವ ಅನೇಕ ಆಟಗಳಿಗೆ ದಿನಕ್ಕೆ 5 ಯಂತ್ರಗಳ ಮಿತಿ. ಒಂದೇ ಯಂತ್ರ ಇರುವವರಿಗೆ ಏನು ಚಿಂತೆ ಎಂದರೆ, ಲಿನಕ್ಸಿನಲ್ಲಿ ಆಡುವವರು, ವಿಂಡೋಸ್ ಆಟವನ್ನು ಅಲ್ಲಿ ಓಡಿಸುವ ಪ್ರೋಟಾನ್ ಎಂಬ ಸಾಫ್ಟ್‌ವೇರಿನ ಆವೃತ್ತಿ ಬದಲಿಸಿದಾಗಲೆಲ್ಲ ಅದು ಹೊಸ ಯಂತ್ರವೆಂದು ಎಣಿಸಿಕೊಳ್ಳುವುದುಂಟು. ಯಾವುದರಲ್ಲಿ ಚೆನ್ನಾಗಿ ಓಡುತ್ತದೆ ಎಂದು ಐದಾರು ಆವೃತ್ತಿ ಪರೀಕ್ಷಿಸುವಷ್ಟರಲ್ಲಿ 24 ಗಂಟೆ ಉಪವಾಸ. 2010ರಲ್ಲಿ ಯೂಬಿಸಾಫ್ಟ್ ಅಸಾಸಿನ್ಸ್ ಕ್ರೀಡ್ 2ಕ್ಕೆ ಒಬ್ಬನೇ ಆಡುವಾಗಲೂ ಇಂಟರ್ನೆಟ್ ಕಡ್ಡಾಯ ಮಾಡಿತ್ತು. ಆ ಮಾರ್ಚಿನಲ್ಲಿ ಕೆಟ್ಟದ್ದು ಗ್ರಾಹಕರ ಇಂಟರ್ನೆಟ್ ಅಲ್ಲ, ಕಂಪನಿಯದೇ ಸರ್ವರ್. ಕೊಂಡವರು ಎಷ್ಟೋ ಜನ ಕೈಕಟ್ಟಿ ಕೂತರು. ಅದೇ ಕಂಪನಿಯ ದಿ ಕ್ರೂ ಎಂಬ ಕಾರಿನ ಆಟ 2024ರ ಮಾರ್ಚ್ 31ಕ್ಕೆ ಸರ್ವರ್ ಸಮೇತ ನಿಂತಿತು; ಡಿಸ್ಕು ಈಗ ಕಾಫಿ ಲೋಟದ ಕೆಳಗಿಡಲು ಸರಿಯಾದ ಅಳತೆ.

ಸರ್ವರ್ ಬದುಕಿದ್ದೂ ಆಕ್ಟಿವೇಶನ್ ಕೈಕೊಡುತ್ತಿದ್ದರೆ ಕೀ, ಡಿಸ್ಕು ಎಲ್ಲ ಬಿಟ್ಟು ತೆರೆಯ ಮೂಲೆಯ ಗಡಿಯಾರ ನೋಡಿ. ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಹೆಸರು ಸಿಆರ್ 2032. ಅದು ಸತ್ತರೆ ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದರೆ ಸರ್ವರಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ ಎಂದು ತೀರ್ಮಾನಿಸಿ ಸಂಪರ್ಕ ಕಡಿದುಹೋಗುತ್ತದೆ. ಬ್ಯಾಟರಿ ಯಾವುದೇ ವಾಚಿನ ಅಂಗಡಿಯಲ್ಲಿ ಸಿಗುತ್ತದೆ. ಪ್ಲಗ್ ಕಿತ್ತು, ಕ್ಲಿಪ್ ಒತ್ತಿ ಹಳೆಯದನ್ನು ತೆಗೆದು, ಅಧಿಕ ಚಿಹ್ನೆ ಮೇಲೆ ಬರುವಂತೆ ಕೂರಿಸಿದರೆ ಮುಗಿಯಿತು.

ಎಲ್ಲ ಬೀಗಗಳೂ ಒಂದೇ ಬಾಗಿಲಿಗೆ ಬಿದ್ದ ಉದಾಹರಣೆ ಬೇಕೆಂದರೆ 2008ರ ಡಿಸೆಂಬರಿನಲ್ಲಿ ಪಿಸಿಗೆ ಬಂದ ಜಿಟಿಎ 4 ಎಂಬ ಆಟ. ಎರಡು ಡಿವಿಡಿ. ಮೊದಲು ಸೆಕ್ಯುರಾಮ್, ಅದಕ್ಕೊಮ್ಮೆ ಆನ್‌ಲೈನ್ ಆಕ್ಟಿವೇಶನ್, ಆಡುವಾಗ ಡಿಸ್ಕ್ ಒಳಗಿರಬೇಕು. ಆಮೇಲೆ ಆಟ ಮಾಡಿದ ರಾಕ್‌ಸ್ಟಾರ್ ಕಂಪನಿಯ ಸೋಶಿಯಲ್ ಕ್ಲಬ್ ಎಂಬ ಆನ್‌ಲೈನ್ ಖಾತೆ. ಅದರ ಮೇಲೆ ಮೈಕ್ರೋಸಾಫ್ಟಿನ ಗೇಮ್ಸ್ ಫಾರ್ ವಿಂಡೋಸ್ ಲೈವ್ ಎಂಬ ಇನ್ನೊಂದು ಖಾತೆ. ಅದರಲ್ಲಿ ಸೈನ್ ಇನ್ ಆಗದೆ ಆಡಿದ್ದು ಸೇವ್ ಆಗುವುದಿಲ್ಲ. ಇಂಟರ್ನೆಟ್ ಇಲ್ಲದವರಿಗೆ ಲೋಕಲ್ ಪ್ರೊಫೈಲ್ ಎಂಬ ಉಪಾಯವಿತ್ತು. ಆದರೆ ಆ ಕೊಂಡಿಯನ್ನು ‘ಹೊಸ ಪ್ರೊಫೈಲ್’ ಕಿಟಕಿಯ ಉದ್ದನೆಯ ಬರಹದ ಕಟ್ಟಕಡೆಯಲ್ಲಿ, ಸ್ಕ್ರಾಲ್ ಮಾಡಿದರೆ ಮಾತ್ರ ಕಾಣುವಂತೆ ಅಡಗಿಸಿಟ್ಟಿದ್ದರು. ವಿಂಡೋಸ್ ಲೈವ್ ಸೊರಗಿ ಕೊನೆಗೆ ಹೊಸ ಕೀಗಳೇ ಹುಟ್ಟದಂತಾಗಿ, 2020ರ ಜನವರಿಯಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಈ ಆಟ ಮಾರಾಟದಿಂದಲೇ ಇಳಿಯಿತು. ಎರಡು ತಿಂಗಳು ಬಿಟ್ಟು ವಿಂಡೋಸ್ ಲೈವ್ ಕಿತ್ತ ಆವೃತ್ತಿ ಬಂತು, ಹಲವರು ಕೂಡಿ ಆಡುವ ಭಾಗವೂ ಅದರ ಜೊತೆಗೇ ಹೋಗಿತ್ತು.

ಹಳೇ ಡಿಸ್ಕಿನಿಂದ ಹಾಕುವವರಿಗೆ ಎಕ್ಸ್‌ಲೈವ್ ಡಿಎಲ್‌ಎಲ್ (ಆಟಕ್ಕೆ ಬೇಕಾದ ಸಹಾಯಕ ಫೈಲು) ಇಲ್ಲ ಎಂಬ ಸಂದೇಶ ಬಂದರೆ ಅದು ಈ ವಿಂಡೋಸ್ ಲೈವ್‌ನ ಪಿಂಡ. ಡಿ3ಡಿಎಕ್ಸ್9 ಎಂದು ಶುರುವಾಗುವ ಫೈಲ್ ಇಲ್ಲವೆಂದರೆ ಕಾರಣ ಬೇರೆ: ಆಟದ ಚಿತ್ರ ಮೂಡಿಸುವ ಮೈಕ್ರೋಸಾಫ್ಟಿನ ಡೈರೆಕ್ಟ್‌ಎಕ್ಸ್ 12 ಇದ್ದರೂ ಹಳೇ 9ರ ಆ ತುಂಡುಗಳು ಅದರಲ್ಲಿರುವುದಿಲ್ಲ, ಮೈಕ್ರೋಸಾಫ್ಟಿನ 2010ರ ಜೂನ್ ಡೈರೆಕ್ಟ್‌ಎಕ್ಸ್ ಪ್ಯಾಕೇಜ್ ಹಾಕಿಕೊಳ್ಳಬೇಕು. ಒಂದೊಂದೇ ಡಿಎಲ್‌ಎಲ್ ಅನ್ನು ಭಿಕ್ಷೆ ಎತ್ತಿ ತಂದು ಹಾಕಿದರೆ ವೈರಸ್ಸೂ ಜೋಳಿಗೆಯೊಳಗೆ ಬರುತ್ತದೆ.

ಜಿಟಿಎ 4ರ ಬೀಗಕ್ಕೆ ಹಾಸ್ಯಪ್ರಜ್ಞೆಯೂ ಇತ್ತು. ನಕಲಿ ಎಂಬ ಅನುಮಾನ ಬಂದರೆ ಬಾಗಿಲು ಮುಚ್ಚುತ್ತಿರಲಿಲ್ಲ, ಕ್ಯಾಮೆರಾಗೆ ಹೆಂಡ ಕುಡಿಸುತ್ತಿತ್ತು. ತೆರೆ ಇಡೀ ತೂರಾಡುತ್ತಿತ್ತು, ಕಾರು ಹತ್ತಿದರೆ ಬ್ರೇಕು ಕೇಳುತ್ತಿರಲಿಲ್ಲ.

ಇಷ್ಟೆಲ್ಲ ದಾಟುವ ಮೊದಲೇ ಮಾಡಬೇಕಾದ ಒಂದು ಕೆಲಸವನ್ನು ಎಲ್ಲರೂ ದಾಟಿದ ಮೇಲೆ ನೆನೆಯುತ್ತಾರೆ: ಹಳೇ ಸೇವ್ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದಿಡುವುದು. ಡಾಕ್ಯುಮೆಂಟ್ಸ್‌ನ ಮೈ ಗೇಮ್ಸ್, ಸೇವ್ಡ್ ಗೇಮ್ಸ್, ಕಣ್ಣಿಗೆ ಕಾಣದ ಆ್ಯಪ್‌ಡೇಟಾ, ಮೂರರಲ್ಲೂ ಹುಡುಕಿ. ಆಟ ಪ್ರೋಗ್ರಾಮ್ ಫೈಲ್ಸ್‌ನಲ್ಲಿದ್ದರೆ ಸೇವ್ ಮಾತ್ರ ಆ್ಯಪ್‌ಡೇಟಾದೊಳಗಿನ ವರ್ಚುವಲ್‌ಸ್ಟೋರ್ ಎಂಬ ಮೂಲೆ ಸೇರಿರುವುದೂ ಉಂಟು. ವಿಂಡೋಸ್ ಲೈವ್ ಇದ್ದ ಹಲವು ಆಟಗಳಲ್ಲಿ ಸೇವ್ ಫೈಲು ಆ ಪ್ರೊಫೈಲಿಗೇ ಗಂಟು ಬಿದ್ದಿರುತ್ತದೆ. ಹೊಸ ಪ್ರೊಫೈಲ್ ಮಾಡಿದರೆ ಹಳೆಯದು ತೆರೆಯುವುದಿಲ್ಲ.

ಆಗ ಜಿಟಿಎ 4 ಮೊದಲಿಂದ ಶುರುವಾಗುತ್ತದೆ. ಕಥಾನಾಯಕ ನಿಕೊ ಹಡಗಿನಿಂದಿಳಿದು ಬರುತ್ತಾನೆ, ಕರೆದೊಯ್ಯಲು ಬಂದ ಸೋದರಸಂಬಂಧಿ ರೋಮನ್ ಕುಡಿದು ತೂರಾಡುತ್ತಿರುತ್ತಾನೆ, ಕಾರು ಓಡಿಸುವುದು ನೀವು. ರಾತ್ರಿ ಎರಡು ಗಂಟೆಯವರೆಗೆ ಕೀ, ಡಿಸ್ಕು, ಪ್ರೊಫೈಲು ಎಂದು ಕಾದಾಡಿದವರು ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿ, ಕಣ್ಣು ಕಿರಿದು ಮಾಡಿ ತೆರೆಯನ್ನೇ ನೋಡುತ್ತಾರೆ: ಕುಡಿದಿರುವುದು ರೋಮನ್ ಒಬ್ಬನೇನಾ, ಕ್ಯಾಮೆರಾನೂ ಸೇರಿಕೊಂಡಿದೆಯಾ?