ಟೀ ಮುಗಿಯುವಷ್ಟರಲ್ಲಿ ನೋಟರಿ

ಹೋದ ತಿಂಗಳು ಒಂದು ಅಫಿಡವಿಟ್ ಬೇಕಿತ್ತು. ಕೋರ್ಟ್ ಹಿಂದಿನ ಟೈಪಿಂಗ್ ಅಂಗಡಿಗೆ ಹೋದೆ. ಹುಡುಗ ಇ-ಸ್ಟಾಂಪ್ ಕಾಗದದ ಮೇಲೆ ಪ್ರಿಂಟ್ ತೆಗೆದ, ಸಹಿ ಹಾಕಿಸಿಕೊಂಡ, "ಸರ್, ಒಂದು ಟೀ ಕುಡಿದು ಬನ್ನಿ" ಅಂದ. ಟೀ ಮುಗಿಸಿ ಬಂದರೆ ನೋಟರಿ ಸೀಲು, ಸಹಿ ಎಲ್ಲ ಬಿದ್ದಾಗಿತ್ತು. ಸೀಲಿನಲ್ಲಿದ್ದ ಹೆಸರು ಓದಿದೆ. ಅವರಿಗೂ ನನಗೂ ಅಷ್ಟೇ ಪರಿಚಯ. ಕಾಗದದ ಪ್ರಕಾರ ಮಾತ್ರ ನಾನು ಅವರ ಸಮಕ್ಷಮದಲ್ಲಿ ಪ್ರಮಾಣ ಮಾಡಿದ್ದೇನೆ!

ವಿಡಿಯೊ ಕಾಲ್‌ನಲ್ಲಿ ನೋಟರಿ ಮಾಡಿಸುವ ಮಾತು ತೆಗೆದರೆ ನನ್ನ ವಕೀಲ ಗೆಳೆಯ ಸಿಡಿಯುತ್ತಾನೆ. "ಮನುಷ್ಯ ಎದುರಿಗೆ ಬರದೆ ಹೇಗೋ ನಂಬೋದು?" ಅಂತಾನೆ. ಈಗ ಎದುರಿಗೆ ಯಾರು ಬರುತ್ತಿದ್ದಾರಪ್ಪ?

ನಮ್ಮ ನೋಟರಿ ಕಾಯ್ದೆ 1952ರದ್ದು, ನಿಯಮಗಳು 1956ರವು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನೋಟರಿ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಕೇಂದ್ರ ನೇಮಿಸುವ ನೋಟರಿಗಳ ಅರ್ಜಿ, ಐದು ವರ್ಷಕ್ಕೊಮ್ಮೆ ನವೀಕರಣ, ಎಲ್ಲ ಆನ್‌ಲೈನ್. ಸರ್ಟಿಫಿಕೇಟಿಗೂ ಡಿಜಿಟಲ್ ಸಹಿ. ಆದರೆ ಇದೆಲ್ಲ ನೋಟರಿಗೂ ಸರ್ಕಾರಕ್ಕೂ ನಡುವಿನ ವ್ಯವಹಾರ, ಅಲ್ವಾ? ನಮ್ಮ ಪಾಲಿಗೆ ನಾವು ಸಹಿ ಹಾಕಬೇಕಾದ ಅದೇ ದಪ್ಪ ರಿಜಿಸ್ಟರು, ಅದೇ ಸೀಲು.

ಡಿಜಿಟಲ್ ಸಹಿಗೆ ಮಾನ್ಯತೆ ಕೊಡುವ 2000ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯೂ ಬಾಗಿಲು ಪೂರ್ತಿ ತೆರೆದಿಲ್ಲ. ಉಯಿಲು, ಟ್ರಸ್ಟ್ ಪತ್ರಗಳಿಗೆ ಅದು ಅನ್ವಯಿಸುವುದೇ ಇಲ್ಲ. ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪವರ್ ಆಫ್ ಅಟಾರ್ನಿ ಕೂಡ ಹೊರಗಿತ್ತು. 2022ರಲ್ಲಿ ಸ್ವಲ್ಪ ತಿದ್ದಿದರು. ರಿಸರ್ವ್ ಬ್ಯಾಂಕ್, ಷೇರುಪೇಟೆ ನೋಡಿಕೊಳ್ಳುವ ಸೆಬಿಯಂಥವರ ನಿಯಂತ್ರಣದಲ್ಲಿರುವ ಸಂಸ್ಥೆಗಳಿಗೆ ಬರೆದುಕೊಟ್ಟರೆ ಡಿಜಿಟಲ್ ಸಹಿ ನಡೆಯುತ್ತದೆ. ಅಂದರೆ ಬ್ಯಾಂಕಿಗೆ ಬರೆದುಕೊಡಬಹುದು, ಸೈಟು ನೋಡಿಕೊಳ್ಳಿ ಅಂತ ಅಪ್ಪನಿಗೆ ಬರೆದುಕೊಡಲು ಆಗಲ್ಲ. ಅಮೆರಿಕದ ವರ್ಜೀನಿಯಾದಲ್ಲಿ 2012ರಿಂದಲೇ ವಿಡಿಯೊ ನೋಟರಿ ಇದೆ. ಅಲ್ಲಿ ಗುರುತು ಪರಿಶೀಲಿಸಬೇಕು, ಮಾತುಕತೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕು.

ನನಗೂ ಭಯ ಇಲ್ಲವೆಂದಲ್ಲ. ಫೋನಿನ ಕ್ಯಾಮೆರಾ ಮುಂದೆ ಅಜ್ಜಿ ತಲೆಯಾಡಿಸುತ್ತಿದ್ದರೆ, ಅದರ ಹಿಂದೆ ಮೊಮ್ಮಗ ಕಣ್ಣು ಬಿಡುತ್ತಾ ನಿಂತಿರಬಹುದು. ಆಸ್ತಿ ಪತ್ರಕ್ಕೆ ಅಜ್ಜಿಯನ್ನು ಎದುರಿಗೇ ಕೂರಿಸಿ, ಮೊಮ್ಮಗನನ್ನು ಹೊರಗೆ ಕಳಿಸಿ. ಆದರೆ ಹೆಸರಿನ ಸ್ಪೆಲಿಂಗ್ ತಪ್ಪು, ಮಾರ್ಕ್ಸ್ ಕಾರ್ಡ್ ಕಳೆದದ್ದು, ಇಂಥವಕ್ಕೆ ವಿಡಿಯೊ ಸಾಕು. ರೆಕಾರ್ಡಿಂಗ್‌ನಲ್ಲಿ ನನ್ನ ಮುಖವಾದರೂ ಇರುತ್ತಿತ್ತು.

ಗೆಳೆಯನಿಗೆ ಈ ಟೀ ಕಥೆ ಹೇಳಿದೆ. ಸುಮ್ನೆ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, "ರಿಜಿಸ್ಟರಿನಲ್ಲಿ ಸಹಿ ಹಾಕಿದ್ಯಾ?" ಅಂದ. ನಾನು ಆ ರಿಜಿಸ್ಟರನ್ನೇ ನೋಡಿಲ್ಲ.